ರೋಮನ್ ಕವಿಗಳ ಶಬ್ದಗಳು

ರೋಮನ್ ಕವಿಗಳನ್ನು ಮೂಲದಲ್ಲಿಯೇ ಓದಬೇಕೆಂದು ಲ್ಯಾಟಿನ್ ಕಲಿಯಲು ಹೊರಟ ನಮ್ಮ ನಾಡಿನವನಿಗೆ ಮೊದಮೊದಲು ದಾರಿ ಬಹು ಸುಗಮವಾಗಿ ಕಾಣುತ್ತದೆ. ಅಗ್ನಿಗೆ ಅಲ್ಲಿ 'ಇಗ್ನಿಸ್' ಎಂದು ಹೆಸರು, ಮಾತೃವಿಗೆ 'ಮಾತೆರ್', ದೇವನಿಗೆ 'ದೆಯುಸ್'. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿದುವಾಗಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದುದು ಸುಪ್ರಸಿದ್ಧವಾಗಿದೆ. ಸಂಸ್ಕೃತದಿಂದ ಗುರುತು ಸಿಕ್ಕದ ಮಾತುಗಳಲ್ಲಿ ಅನೇಕವು ಇಂಗ್ಲಿಷಿನ ಮೂಲಕ ನಮಗೆ ಪರಿಚಿತವಾದುವೇ. ಇಷ್ಟಾದ ಮೇಲೆ ನಿಘಂಟಿನ ಹಂಗೇಕೆಂಬ ಧೈರ್ಯ ಬರುವುದು ಸಹಜ. ಆದರೆ ಓದುಗನು ಎಡವುವುದು ಅಪರಿಚಿತ ಶಬ್ದಗಳಲ್ಲಿ ಅಲ್ಲ, ಈ ಮುಖಪರಿಚಯದ ನಂಟರಲ್ಲಿಯೇ.

'ವಿರ್' ಎಂಬುದು ನಮ್ಮ 'ವೀರ'ನ ಸೋದರ. ಅಲ್ಲಿ ಅದಕ್ಕೆ ಗಂಡಸು ಎಂಬಷ್ಟೇ ಅರ್ಥ. ಗಂಡಸಿಗೆ ಒಪ್ಪುವ ಗುಣವು 'ವಿರ್ತುಸ್'. ಅದು ಮೊಟ್ಟಮೊದಲು ರಣರಂಗದ ಕೆಚ್ಚು. ಇಂಗ್ಲಿಷಿನ 'ವರ್ಚ್ಯೂ' ಇದರ ಮಗಳಾದರೂ ತವರಿನ ನಡೆಯನ್ನು ಬಹುಮಟ್ಟಿಗೆ ಮರೆತವಳು.

ಲ್ಯಾಟಿನ್ ಮೂಲತಃ ಒಕ್ಕಲಿಗರ ಭಾಷೆ. ಪದ್ಯದ ಪಾದಕ್ಕೆ ಅವರಿಟ್ಟ ಹೆಸರು 'ವೆರ್ಸುಸ್', ಎಂದರೆ ತಿರುವು. ಹೊಲದ ಕೊನೆಯಲ್ಲಿ ಎತ್ತುಗಳನ್ನು ತಿರುಗಿಸಿ ಎಳೆಯುವ ನೇಗಿಲ ಸಾಲಿಗೂ ಅದೇ ಹೆಸರು. ಒಂದೇ ಹೊಳೆಯ ನೀರಿಗೆ ಹಕ್ಕುಳ್ಳವರು 'ರಿವಾಲಿಸ್' ಎನಿಸಿದರು. ಅವರು ಜಗಳವಾಡದೆ ಇರಲಿಲ್ಲವೆಂಬುದಕ್ಕೆ ಇಂಗ್ಲಿಷಿನ 'ರೈವಲ್' ಸಾಕ್ಷಿ. ವರ್ಜಿಲನು ಕ್ರಿ. ಪೂ. 29ರಲ್ಲಿ ಮುಗಿಸಿದ 'ಜಾರ್ಜಿಕ್ಸ್' ಎಂಬ ಕೃಷಿಕಾವ್ಯದ ಆರಂಭದಲ್ಲಿಯೇ ಪೈರಿಗೆ 'ಲೈತುಸ್' ಎಂಬ ವಿಶೇಷಣ ಬಂದಿದೆ. ನಿಘಂಟಿನ ಮೊದಲ ಅರ್ಥ 'ಸಂತುಷ್ಟ'. ಪೈರು ನಗುತ್ತಿದೆಯೆಂದು ಕವಿ ಅಲಂಕಾರ ಮಾಡಿರುವನೆಂದು ನಾವು ತಲೆದೂಗುತ್ತೇವೆ. ಹೊಲದ ಮಾತಿನಲ್ಲಾದರೋ ಅದಕ್ಕೆ ಕೊಬ್ಬಿದ, ಹುಲುಸಾದ ಎಂದು ಅರ್ಥ. ಗೊಬ್ಬರಕ್ಕೆ 'ಲೈತಾಮೆನ್' ಎಂಬ ಹೆಸರೂ ಅದರಿಂದಲೇ ಬಂದಿತು. ಗೊಬ್ಬರದ ವಾಸನೆಯೂ ಸಂತೋಷವೂ ಕೂಡಿಯೇ ಇರುವ ಶಬ್ದವದು.

ಇಂತಹ ಭಾಷೆಯಲ್ಲಿ ಗ್ರೀಕರ ತತ್ತ್ವಶಾಸ್ತ್ರವನ್ನು ಹಾಡಬೇಕಾಗಿ ಬಂದಾಗ ಲುಕ್ರೀಷಿಯಸ್ ಕವಿಯು ತಾಯಿನುಡಿಯ ಬಡತನವನ್ನು ಕುರಿತು ಬಾಯಿಬಿಟ್ಟೇ ಕೊರಗಿದನು. ಆದರೂ ಪರಮಾಣುವಿಗೆ ಗ್ರೀಕರ 'ಆಟಂ' ಎಂಬ ಶಬ್ದವನ್ನು ಅವನು ತರಲಿಲ್ಲ; 'ವಸ್ತುಗಳ ಬೀಜಗಳು' ಎಂದೇ ಕರೆದನು. ಮತ್ತೆ ಹೊಲದ ಮಾತು! ಅವನ ಸಮಕಾಲೀನನಾದ ಸಿಸೆರೊ ಗದ್ಯದಲ್ಲಿ 'ಕ್ವಾಲಿತಾಸ್' ಎಂದು ಹೊಸ ಶಬ್ದವನ್ನೇ ಟಂಕಿಸಿದನು. ನಾವಿಂದು 'ಕ್ವಾಲಿಟಿ' ಎನ್ನುವಾಗ ಆಡುತ್ತಿರುವುದು ಅವನ ನಾಣ್ಯವನ್ನೇ.

ಕವಿಗೆ ಮತ್ತೊಂದು ಕಟ್ಟೂ ಇತ್ತು. ವೀರಕಾವ್ಯದ ಛಂದಸ್ಸಾದ ಷಟ್ಪದಿ, ಎಂದರೆ ನಮ್ಮದಲ್ಲ, ಪಾದಕ್ಕೆ ಆರು ಗಣಗಳುಳ್ಳ ಗ್ರೀಕರ ಹೆಕ್ಸಾಮೀಟರ್, ಅದು ಭಗಣವನ್ನೂ ಎರಡು ಗುರುಗಳ ಗಣವನ್ನೂ ಮಾತ್ರ ಒಪ್ಪುತ್ತದೆ. ಎರಡು ಗುರುಗಳ ನಡುವೆ ಒಂಟಿ ಲಘು ಸಿಕ್ಕಿಕೊಂಡ ಶಬ್ದಕ್ಕೆ, ನಮ್ಮ ರಗಣದಂತಹುದಕ್ಕೆ, ಅಲ್ಲಿ ಪ್ರವೇಶವಿಲ್ಲ. ಸೇನಾಪತಿಯನ್ನು ಹೇಳುವ 'ಇಂಪೆರಾತೊರ್' ಎಂಬ ಘನವಾದ ಶಬ್ದವು ಹೀಗೆ ಹೊರಗುಳಿಯಿತು. ಕ್ರಿ. ಪೂ. 169ರಲ್ಲಿ ತೀರಿಕೊಂಡ ಎನ್ನಿಯಸನು 'ಇಂದುಪೆರಾತೊರ್' ಎಂಬ ಹಳೆಯ ರೂಪವನ್ನು ತಂದು ನಿರ್ವಹಿಸಿದನು. ಅವನಿಗೆ ಗಂಭೀರವಾಗಿದ್ದ ಆ ರೂಪವನ್ನು ಸುಮಾರು ಮುನ್ನೂರು ವರ್ಷಗಳ ಮೇಲೆ ಜುವೆನಲನು ಹೊಟ್ಟೆಬಾಕ ಚಕ್ರವರ್ತಿಯ ಊಟದ ಹಾಸ್ಯಕ್ಕೆ ಬಳಸಿದನು.

ಇವೆಲ್ಲಕ್ಕಿಂತಲೂ ಗಹನವಾದುದು 'ಪಿಯುಸ್' ಎಂಬ ಶಬ್ದ. ವರ್ಜಿಲನು ತನ್ನ 'ಈನಿಯಡ್' ಮಹಾಕಾವ್ಯದ ನಾಯಕನಾದ ಈನಿಯಸನಿಗೆ ಅದನ್ನು ಬಿರುದಿನಂತೆ ತೊಡಿಸಿದ್ದಾನೆ. ಅದರ ಭಾವರೂಪ 'ಪಿಯೆತಾಸ್'. ಇಂಗ್ಲಿಷಿನಲ್ಲಿ ಭಕ್ತಿಯೆಂಬ 'ಪೈಯಟಿ'ಯೂ ಕರುಣೆಯೆಂಬ 'ಪಿಟಿ'ಯೂ ಅದರಿಂದಲೇ ಒಡೆದುವು. ಎರಡೂ ಇಲ್ಲಿ ಸಾಲವು. ನಾಲ್ಕನೆಯ ಸರ್ಗದಲ್ಲಿ ಈನಿಯಸನು ತನ್ನನ್ನು ಪ್ರೀತಿಸಿದ ಡೈಡೋ ರಾಣಿಯನ್ನು ಕಾರ್ತೇಜಿನಲ್ಲಿ ತೊರೆದು ಹೊರಡುತ್ತಾನೆ. ಆಕೆ ಶಪಿಸಿ ಮೂರ್ಛೆಹೋದ ಕ್ಷಣದಲ್ಲಿಯೇ ಕವಿ ಅವನನ್ನು 'ಪಿಯುಸ್' ಎನ್ನುತ್ತಾನೆ. ಆ ಸರ್ಗದಲ್ಲಿ ಕವಿಯು ತನ್ನ ಮಾತಿನಲ್ಲಿ ಹಾಗೆನ್ನುವುದು ಅಲ್ಲಿಯೇ. 'ಭಕ್ತನಾದ ಈನಿಯಸ್' ಎಂದು ತಿಳಿದ ಓದುಗನಿಗೆ ಇವನು ಬರಿಯ ಆಷಾಢಭೂತಿ. ದೇವತೆಗಳಿಗೂ ತಂದೆತಾಯಿಗಳಿಗೂ ಸಂತತಿಗೂ ನಾಡಿಗೂ ಸಲ್ಲಿಸಬೇಕಾದುದನ್ನು ಸಲ್ಲಿಸುವುದು ಪಿಯೆತಾಸ್. ನಮ್ಮ 'ಭಕ್ತಿ'ಗಿಂತ 'ಋಣ'ವೆಂಬ ಮಾತು ಅದಕ್ಕೆ ಹತ್ತಿರವೆಂದು ನಮಗೆ ತೋರುತ್ತದೆ. ಹಾಗೆ ಓದಿದರೆ ಅವನು ನಿರ್ದೋಷಿಯಾಗುವನೆಂದಲ್ಲ. ಕವಿ ಅವನ ದುಃಖವನ್ನೂ ಅಲ್ಲಿಯೇ ಹೇಳಿದ್ದಾನೆ. ಋಣ ತೀರಿಸುವವನು ಮತ್ತೊಬ್ಬರಿಗೆ ಎಷ್ಟು ಕ್ರೂರನಾಗಬಹುದೆಂಬುದು ಆಗ ಕಾಣುತ್ತದೆ.

ಹತ್ತನೆಯ ಸರ್ಗದಲ್ಲಿ ಈ ಶಬ್ದವು ತಿರುಗಿ ನಾಯಕನಿಗೇ ಇರಿಯುತ್ತದೆ. ಗಾಯಗೊಂಡ ತಂದೆಯನ್ನು ಉಳಿಸಲು ಲಾಸಸನೆಂಬ ತರುಣನು ಈನಿಯಸನಿಗೆ ಅಡ್ಡ ಬರುತ್ತಾನೆ. ನಿನ್ನ ಪಿಯೆತಾಸ್ ನಿನ್ನನ್ನು ವಂಚಿಸುತ್ತಿದೆಯೆಂದು ಈನಿಯಸನೇ ಎಚ್ಚರಿಸುತ್ತಾನೆ, ಹುಡುಗ ಕೇಳುವುದಿಲ್ಲ. ಕೊಂದ ಮೇಲೆ ಆ ಬಿಳುಪೇರಿದ ಮುಖವನ್ನು ನೋಡುತ್ತಾನೆ. ಉರಿಯುತ್ತಿದ್ದ ಟ್ರಾಯ್ ನಗರದಿಂದ ತಂದೆಯನ್ನು ಹೆಗಲ ಮೇಲೆ ಹೊತ್ತು ತಂದವನಿಗೆ ತನ್ನ ಪಿಯೆತಾಸಿನ ಪ್ರತಿಬಿಂಬವೇ ಅಲ್ಲಿ ಹೊಳೆಯುತ್ತದೆ. ಆಯುಧಗಳನ್ನು ಸುಲಿಯದೆ, ರಕ್ತದಿಂದ ನೆನೆದ ಕೂದಲಿನ ಆ ದೇಹವನ್ನು ಅವನೇ ನೆಲದಿಂದ ಎತ್ತುತ್ತಾನೆ.