ಮುದುವೊಳಲ ಗದೆ, ನಾಯಕನ ಪೀಠ

ಸ್ಪೈಡರ್‌ಮ್ಯಾನ್ ಕಥೆಯನ್ನು ಹಾಲಿವುಡ್ 2002ರಿಂದ 2017ರೊಳಗೆ ಮೂರು ಸಲ ಹೊಸದಾಗಿ ಶುರು ಮಾಡಿತು. ಬ್ಯಾಟ್‌ಮನ್‌ನದೂ ಅದೇ ಹಣೆಬರಹ. 1989, 2005, 2016, 2022, ಒಂದೊಂದು ಸಲಕ್ಕೂ ಒಬ್ಬೊಬ್ಬ ಹೊಸ ನಟ, ಹೊಸ ನಿರ್ದೇಶಕ. ಹಳೆಯ ಪಾತ್ರವನ್ನು ಒರೆಸಿ ಮತ್ತೆ ಬರೆಯುವ ಈ ಕೆಲಸಕ್ಕೆ ಚಿತ್ರರಂಗ ರೀಬೂಟ್ ಎನ್ನುತ್ತದೆ. ಇದು ಬರೀ ದುಡ್ಡಿನ ಆಟ, ಹೊಸ ಕಥೆ ಹೊಳೆಯದವರ ಚಾಳಿ ಎಂದು ತಳ್ಳಿಹಾಕುವವರು ಬೇಕಾದಷ್ಟು ಜನ ಇದ್ದಾರೆ. ಬಾಡಗಂಡಿ, ಬೀಳಗಿ, ಜಮಖಂಡಿ, ಮುಧೋಳಗಳ ಸೀಮೆಯಲ್ಲಿ ಕುಳಿತು ನೋಡಿದರೆ ಆ ಮಾತು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಈ ಸೀಮೆಯ ದೊಡ್ಡ ಕವಿ ಸಾವಿರ ವರ್ಷದ ಹಿಂದೆ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಅವನ ಕಾವ್ಯವನ್ನು ಆಧಾರವೆಂದು ಹೇಳಿಕೊಂಡು 2019ರಲ್ಲಿ ಒಂದು ತ್ರೀಡಿ ಸಿನಿಮಾವೂ ಬಂತು. ಕಾವ್ಯಕ್ಕೂ ಸಿನಿಮಾಕ್ಕೂ ನಡುವೆ ನಾಯಕ ಬದಲಾದ. ಹೇಗೆ ಬದಲಾದ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಆ ಕವಿ ರನ್ನ. ತನ್ನ ಊರಿನ ಗುರುತನ್ನು ಅವನು ತಾನೇ ಬರೆದಿಟ್ಟಿದ್ದಾನೆ: ಬೆಳುಗಲಿ ಐನೂರರಲ್ಲಿ ಜಂಬುಖಂಡಿ ಎಪ್ಪತ್ತು, ಅದರೊಳಗಿನ ಮುದುವೊಳಲು. ಜಂಬುಖಂಡಿ ಇಂದಿನ ಜಮಖಂಡಿ, ಮುದುವೊಳಲು ಮುಧೋಳ. ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದಿನ ಹಂಬಲ ಅವನನ್ನು ಗಂಗರ ಮಂತ್ರಿ ಚಾವುಂಡರಾಯನ ಆಶ್ರಯದವರೆಗೆ ಒಯ್ದಿತು. ಅಲ್ಲಿಂದ ಕಲ್ಯಾಣದ ಚಾಲುಕ್ಯರ ಆಸ್ಥಾನಕ್ಕೆ ಬಂದು ಕವಿಚಕ್ರವರ್ತಿಯಾದ. 'ಗದಾಯುದ್ಧ' ಬರೆಯುವ ಹೊತ್ತಿಗೆ ಅವನ ಮುಂದೆ ಕನ್ನಡದ ಒಂದು ಭಾರತ ಸಿದ್ಧವಾಗಿ ಇತ್ತು. 941ರಲ್ಲಿ ಪಂಪ ಬರೆದ 'ವಿಕ್ರಮಾರ್ಜುನ ವಿಜಯ' ಅದು. ಪಂಪನ ಒಡೆಯ ವೇಮುಲವಾಡದ ಅರಿಕೇಸರಿ. ಪಂಪ ಅವನನ್ನು ಅರ್ಜುನನೊಂದಿಗೆ ಬೆಸೆದ, ಅರ್ಜುನನೇ ಕಥಾನಾಯಕನಾದ, ಯುದ್ಧ ಮುಗಿದ ಮೇಲೆ ಪಟ್ಟವೂ ಅವನಿಗೇ ಆಯಿತು.

ರನ್ನನ ಒಡೆಯ ಬೇರೆ. ಇಮ್ಮಡಿ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಅವನು ಭೀಮನೊಂದಿಗೆ ಬೆಸೆದ. ಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂಬ ಇನ್ನೊಂದು ಹೆಸರು ಬಂದದ್ದು ಹಾಗೆ. ಕಥೆ ಅದೇ, ಯುದ್ಧ ಅದೇ, ಸಾಯುವವರೂ ಅವರೇ. ಆದರೆ ನಾಯಕನ ಪೀಠದಿಂದ ಅರ್ಜುನ ಇಳಿದ, ಭೀಮ ಏರಿದ. ಕೊನೆಗೆ ಪಟ್ಟವೂ ಭೀಮನದೇ. ವ್ಯಾಸಭಾರತ ಓದಿದವರು ಧರ್ಮರಾಯ ಎಲ್ಲಿ ಹೋದ ಎಂದು ಕೇಳಬಹುದು. ಕವಿಗಳಿಬ್ಬರೂ ಅವನನ್ನು ಗೌರವದಿಂದ ಪಕ್ಕಕ್ಕೆ ಕೂಡಿಸಿದ್ದಾರೆ.

ಇಲ್ಲಿ ಪೀಠವನ್ನು ಬದಲಿಸಿದ್ದು ಕವಿಯ ಮನೋಧರ್ಮ ಮಾತ್ರ ಅಲ್ಲ, ಒಡೆತನ. ಅರಿಕೇಸರಿಯ ಅರ್ಜುನ ಸತ್ಯಾಶ್ರಯನ ಆಸ್ಥಾನದಲ್ಲಿ ಸಲ್ಲುವಂತಿರಲಿಲ್ಲ. 2012ರ ಸ್ಪೈಡರ್‌ಮ್ಯಾನ್ ಹುಟ್ಟಿದ ಬಗೆಯೂ ಇದಕ್ಕೆ ದೂರದ್ದಲ್ಲ. ಮಾರ್ವೆಲ್ ಕಂಪನಿ 1996ರಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿತ್ತು, ತನ್ನ ಪಾತ್ರಗಳ ಸಿನಿಮಾ ಹಕ್ಕುಗಳನ್ನು ಒಂದೊಂದಾಗಿ ಮಾರಿತು. ಸ್ಪೈಡರ್‌ಮ್ಯಾನ್ ಸೋನಿಯ ಪಾಲಾದ. ಗೊತ್ತಾದ ಅವಧಿಯೊಳಗೆ ಹೊಸ ಚಿತ್ರ ತೆಗೆಯದಿದ್ದರೆ ಹಕ್ಕು ಮಾರ್ವೆಲ್‌ಗೆ ಮರಳಬೇಕೆಂಬ ಕರಾರು ಅದರಲ್ಲಿತ್ತು. ಸ್ಯಾಮ್ ರೈಮಿಯ ಮೂರನೆಯ ಚಿತ್ರ ಬಂದದ್ದು 2007ರಲ್ಲಿ. ನಾಲ್ಕನೆಯದು ಕೂಡಿಬರಲಿಲ್ಲ. ಐದೇ ವರ್ಷಕ್ಕೆ ಟೋಬಿ ಮ್ಯಾಗ್ವೈರ್‌ನ ಜಾಗದಲ್ಲಿ ಆಂಡ್ರ್ಯೂ ಗಾರ್ಫೀಲ್ಡ್ ಬಂದ, ಜೇಡ ಮತ್ತೊಮ್ಮೆ ಕಚ್ಚಿತು, ಚಿಕ್ಕಪ್ಪ ಮತ್ತೊಮ್ಮೆ ಸತ್ತ. 2015ರಲ್ಲಿ ಸೋನಿಯೂ ಮಾರ್ವೆಲ್ಲೂ ರಾಜಿಯಾದ ಮೇಲೆ ಮೂರನೆಯವನು ಬಂದ.

ಆ ಮೂರನೆಯವನ ಕಥೆಯಲ್ಲಿ ಜೇಡ ಕಚ್ಚುವುದನ್ನು ತೋರಿಸಲೇ ಇಲ್ಲ. ನೋಡುವವರಿಗೆ ಗೊತ್ತಿದ್ದದ್ದನ್ನು ಇನ್ನೆಷ್ಟು ಸಲ ಹೇಳುವುದು? ಜೇಮ್ಸ್ ಗನ್ 2025ರ 'ಸೂಪರ್‌ಮ್ಯಾನ್'ನಲ್ಲೂ ಇದೇ ದಾರಿ ಹಿಡಿದ. ಹುಟ್ಟಿನ ಕಥೆಯನ್ನು ಕೆಲವೇ ಸಾಲಿನ ಬರಹದಲ್ಲಿ ಮುಗಿಸಿ ನೇರ ನಡುವಿಗೆ ಇಳಿದ. ಹಾಲಿವುಡ್ ಇಷ್ಟು ತಡವಾಗಿ ಕಂಡುಕೊಂಡ ಉಪಾಯವನ್ನು ರನ್ನ ಮೊದಲ ಪುಟದಿಂದಲೇ ಬಳಸಿದ್ದ. ಪಂಪ ಹದಿನಾಲ್ಕು ಆಶ್ವಾಸಗಳಲ್ಲಿ ಇಡೀ ಭಾರತವನ್ನು ಹೇಳಿದರೆ, ರನ್ನ ಅದರ ಹದಿಮೂರನೆಯ ಆಶ್ವಾಸದ ಸುತ್ತಲಿನ ಕಥೆಯನ್ನು ಹಿಡಿದು ಹತ್ತು ಆಶ್ವಾಸಗಳಿಗೆ ಬೆಳೆಸಿದ. ಯುದ್ಧ ಕೊನೆಯ ದಿನಕ್ಕೆ ಬಂದು ನಿಂತಿದೆ. ದ್ರೌಪದಿಯ ಮುಡಿ, ಜೂಜು, ವನವಾಸ ಎಲ್ಲವೂ ಮಾತಿನ ನಡುವೆ, ನೆನಪಿನಲ್ಲಿ, ಬೈಗುಳದಲ್ಲಿ ಬಂದುಹೋಗುತ್ತವೆ. ಸಿಂಹ ನಡೆಯುತ್ತ ಹಿಂತಿರುಗಿ ನೋಡುವ ಹಾಗೆ ಎಂದು ಅವನೇ ಇದಕ್ಕೆ ಸಿಂಹಾವಲೋಕನ ಕ್ರಮ ಎಂದ. ಭಟ್ಟನಾರಾಯಣನ 'ವೇಣೀಸಂಹಾರ', ಭಾಸನ 'ಊರುಭಂಗ'ಗಳಿಂದಲೂ ಬೇಕಾದ್ದನ್ನು ತೆಗೆದುಕೊಂಡ. ಪಂಪನಿಂದ ಪಡೆದದ್ದಂತೂ ಲೆಕ್ಕವಿಲ್ಲದಷ್ಟು. ಆದರೆ ಪಂಪನನ್ನು ಒರೆಸಲಿಲ್ಲ. ಪಂಪನ ಭಾರತ ಕಿವಿಯಲ್ಲಿ ಇರುವವರಿಗೆ ರನ್ನನ ರುಚಿ ಹೆಚ್ಚು ಹತ್ತುತ್ತದೆ. ಹಾಲಿವುಡ್ಡಿನ ರೀಬೂಟು ಹಿಂದಿನದು ನಡೆದೇ ಇಲ್ಲ ಎಂಬಂತೆ ನಡೆದುಕೊಳ್ಳುತ್ತಿತ್ತು. 2021ರ ಕೊನೆಗೆ ಮೂವರು ಸ್ಪೈಡರ್‌ಮ್ಯಾನ್‌ಗಳನ್ನೂ ಒಂದೇ ಚಿತ್ರಕ್ಕೆ ಕರೆತಂದಾಗ ಆ ಹಟ ಬಿಟ್ಟಿತು. ಚಿತ್ರಮಂದಿರಗಳಲ್ಲಿ ಶಿಳ್ಳೆ ಬಿದ್ದದ್ದು ಹೊಸಬನಿಗಿಂತ ಹಳಬರಿಗೇ ಹೆಚ್ಚು.

ಇನ್ನು ರನ್ನನಿಗೆ ಅವನ ಪಾತ್ರವೇ ಕೈಕೊಟ್ಟ ಸಂಗತಿ. ನಾಯಕ ಭೀಮ ಎಂದು ಕವಿ ಸಾರಿ ಹೇಳಿದ್ದಾನೆ. ಓದುತ್ತ ಹೋದರೆ ಮನಸ್ಸು ಬೇರೆಯವನ ಹಿಂದೆ ಹೋಗುತ್ತದೆ. ದುರ್ಯೋಧನ ಸಂಜಯನ ಹೆಗಲು ಹಿಡಿದು ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗವನ್ನು ನೋಡಿ. ದ್ರೋಣನನ್ನು ಕಾಣುತ್ತಾನೆ, ದುಶ್ಶಾಸನನನ್ನು ಕಾಣುತ್ತಾನೆ, ಕರ್ಣನ ಹತ್ತಿರ ನಿಂತುಬಿಡುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಅಂಥ ಸಾವು ತನಗೂ ಬರಲಿ ಎನ್ನುತ್ತಾನೆ. ಆಮೇಲೆ ಭೀಷ್ಮನ ಮಾತು ಕೇಳಿ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ದಡದಲ್ಲಿ ಭೀಮ ಅಬ್ಬರಿಸಿದಾಗ ನೀರೊಳಗಿದ್ದೂ ಬೆವರುತ್ತಾನೆ. ಆ ಬೆವರು ಹೆದರಿಕೆಯದಲ್ಲ, ಸಿಟ್ಟಿನದು. ಇಷ್ಟನ್ನು ಬರೆದ ಕವಿ ಭೀಮನಿಗೆ ಪಟ್ಟ ಕಟ್ಟಿದ್ದು ಆಸ್ಥಾನದ ಋಣ. ಕಾವ್ಯದ ಪಟ್ಟವನ್ನು ಅವನು ದುರ್ಯೋಧನನಿಗೇ ಕಟ್ಟಿದ್ದಾನೆ ಎಂಬುದು ನನ್ನ ಅಭಿಪ್ರಾಯ. ಇದರ ಬಗ್ಗೆ ವಿದ್ವಾಂಸರಲ್ಲಿ ಹಳೆಯ ಜಗಳವಿದೆ, ಅದು ಬೇಗ ಮುಗಿಯುವಂಥದ್ದೂ ಅಲ್ಲ. ಬಿ.ಎಂ. ಶ್ರೀಕಂಠಯ್ಯನವರು 1926ರ 'ಗದಾಯುದ್ಧ ನಾಟಕ'ದಲ್ಲಿ ರನ್ನನ ಪದ್ಯಗಳನ್ನೇ ಆಯ್ದು, ಗ್ರೀಕ್ ರುದ್ರನಾಟಕದ ಅಚ್ಚಿಗೆ ಹೊಯ್ದು, ದುರ್ಯೋಧನನನ್ನು ನಡುವೆ ನಿಲ್ಲಿಸಿದರು. ಹೊಸ ಮಾತು ಸೇರಿಸುವ ಅಗತ್ಯವೇ ಅವರಿಗೆ ಅಷ್ಟಾಗಿ ಬೀಳಲಿಲ್ಲ. ಕತ್ತರಿ ಎಲ್ಲಿ ಹಾಕಬೇಕು ಎಂಬುದೊಂದೇ ಪ್ರಶ್ನೆ.

ಪಂಡಿತರ ಜಗಳವನ್ನು ಹಳ್ಳಿಯ ರಂಗ ಯಾವತ್ತೋ ತೀರ್ಮಾನಿಸಿತ್ತು. ತುಮಕೂರು, ಮಂಡ್ಯದ ಕಡೆ ಹವ್ಯಾಸಿ ತಂಡಗಳು 'ಕುರುಕ್ಷೇತ್ರ' ಆಡುವಾಗ ಪಾತ್ರ ಬೇಕಾದವನು ಹಣ ಕಟ್ಟಬೇಕು. ಪಾತ್ರ ದೊಡ್ಡದಾದಷ್ಟೂ ಬೆಲೆ ದೊಡ್ಡದು. ಮೇಲಿನ ಬೆಲೆ ಕೃಷ್ಣನಿಗೆ, ದುರ್ಯೋಧನನಿಗೆ. ಪಾತ್ರದ ಜನಪ್ರಿಯತೆಯನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕ ಅಳತೆ ನನಗೆ ತಿಳಿಯದು, ಏಕೆಂದರೆ ಇಲ್ಲಿ ಮೆಚ್ಚುವವನೇ ಗಂಟು ಬಿಚ್ಚುತ್ತಾನೆ. ಮುಧೋಳ ಇರುವ ನಮ್ಮ ಜಿಲ್ಲೆಯವರೇ ಆದ ಕಂದಗಲ್ಲ ಹನುಮಂತರಾಯರು ವೃತ್ತಿ ಕಂಪನಿಗಳಿಗೆ 'ರಕ್ತರಾತ್ರಿ', 'ಕುರುಕ್ಷೇತ್ರ', 'ಅಕ್ಷಯಾಂಬರ' ಬರೆದುಕೊಟ್ಟರು. ಜಾತ್ರೆಯ ರಾತ್ರಿ ಪರದೆ ಏಳುವಾಗ ಜನಕ್ಕೆ ಕಥೆಯ ಕುತೂಹಲ ಇರುವುದಿಲ್ಲ. ಈ ಸಲ ಆ ಪಾತ್ರ ಯಾರು ಮಾಡ್ಯಾರ, ಹೆಂಗ ಮಾಡ್ಯಾರ ಎಂಬುದರ ಮೇಲೆ ಕಣ್ಣು. ಬ್ಯಾಟ್‌ಮನ್ ಪಾತ್ರಕ್ಕೆ ಹೊಸ ನಟನ ಹೆಸರು ಹೊರಬಿದ್ದಾಗ ಅಭಿಮಾನಿಗಳು ಮಾಡುವ ಗದ್ದಲ ಈ ಪ್ರೇಕ್ಷಕರಿಗೆ ವಿಚಿತ್ರವೆನಿಸಲಾರದು.

2019ರ ಆಗಸ್ಟ್‌ನಲ್ಲಿ ಬಂದ 'ಕುರುಕ್ಷೇತ್ರ' ಸಿನಿಮಾ ಇದೇ ತೀರ್ಮಾನದ ಮೇಲೆ ಹಣ ಹೂಡಿತು. ನಿರ್ದೇಶನ ನಾಗಣ್ಣನವರದು, ಬರವಣಿಗೆ ಜೆ.ಕೆ. ಭಾರವಿಯವರದು, ಆಧಾರ ರನ್ನನ ಕಾವ್ಯ. ದುರ್ಯೋಧನನಾಗಿ ದರ್ಶನ್, ಅವರ ಐವತ್ತನೆಯ ಚಿತ್ರವೆಂದು ಪ್ರಚಾರವೂ ನಡೆಯಿತು. ಕೃಷ್ಣನಾಗಿ ರವಿಚಂದ್ರನ್, ಭೀಷ್ಮನಾಗಿ ಅಂಬರೀಶ್, ಕರ್ಣನಾಗಿ ಅರ್ಜುನ್ ಸರ್ಜಾ. ರನ್ನನ ಸಾಹಸಭೀಮನ ಪಾತ್ರ ಯಾರಿಗೆ ಸಿಕ್ಕಿತು? ಹಿಂದಿ ಧಾರಾವಾಹಿಯಲ್ಲಿ ಹನುಮಂತನಾಗಿದ್ದ ದಾನಿಶ್ ಅಖ್ತರ್ ಎಂಬ ಕಟ್ಟಾಳಿಗೆ. ಮೈಕಟ್ಟಿನಲ್ಲಿ ಭೀಮನೇ, ಆದರೆ ಕನ್ನಡದ ಪ್ರೇಕ್ಷಕ ಟಿಕೆಟ್ ತೆಗೆಯುವ ಹೆಸರಲ್ಲ. ಕಾವ್ಯದ ಕಥಾನಾಯಕ ತೆರೆಯ ಮೇಲೆ ನಾಯಕನ ತೊಡೆ ಮುರಿಯುವವನಾಗಿ ಉಳಿದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ 'ಜೋಕರ್' ಬಂದು, ಬ್ಯಾಟ್‌ಮನ್‌ನ ಹಗೆಯನ್ನು ನಾಯಕನ ಪೀಠಕ್ಕೆ ಏರಿಸಿತು. ಒಂದನ್ನು ನೋಡಿ ಇನ್ನೊಂದು ಹುಟ್ಟಿದ್ದಲ್ಲ. ಎನ್.ಟಿ. ರಾಮರಾಯರು 1977ರಲ್ಲೇ 'ದಾನವೀರಶೂರಕರ್ಣ' ಎಂಬ ತೆಲುಗು ಚಿತ್ರದಲ್ಲಿ ಕರ್ಣ, ಕೃಷ್ಣ, ದುರ್ಯೋಧನ ಮೂವರೂ ತಾವೇ ಆಗಿದ್ದರು. ಒಂದೇ ಕಥೆ ಬಹಳ ಸಲ ಬಳಕೆಯಾದಾಗ ಅನುಕಂಪ ಗೆದ್ದವನನ್ನು ಬಿಟ್ಟು ಸೋತವನ ಕಡೆಗೆ ಸರಿಯುತ್ತದೆ. ಗೆದ್ದವನ ಬಗ್ಗೆ ಹೇಳಲು ಬಾಕಿ ಏನೂ ಉಳಿದಿರುವುದಿಲ್ಲ.

ಕಾಮಿಕ್ಸ್ ಪುಸ್ತಕಗಳ ಮಾತನ್ನೂ ಇಲ್ಲಿ ಸೇರಿಸಬೇಕು. ಕಾರ್ಕಳದ ಅನಂತ ಪೈ ಹೆಸರಿನೊಂದಿಗೆ ಅಂಟಿಕೊಂಡ ಅಮರ ಚಿತ್ರ ಕಥೆಯ ಮೊದಲ ಹೆಜ್ಜೆ 1965ರಲ್ಲಿ ಕನ್ನಡದಲ್ಲೇ ಬಿತ್ತು, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಮೂಲಕ. ಮೊದಲ ಹತ್ತು ಪುಸ್ತಕಗಳು ಪಶ್ಚಿಮದ ಕಥೆಗಳು, ಹನ್ನೊಂದನೆಯದು 'ಕೃಷ್ಣ'. ಆಮೇಲೆ ಕರ್ಣನಿಗೊಂದು, ಅಭಿಮನ್ಯುವಿಗೊಂದು, ಭೀಷ್ಮನಿಗೊಂದು, ದ್ರೋಣನಿಗೊಂದು ಪುಸ್ತಕ ಬಂತು. ಭಾರತದೊಳಗೆ ಒಬ್ಬರಿಗೊಬ್ಬರು ಹೆಣೆದುಕೊಂಡಿದ್ದವರು ಬಿಡಿಬಿಡಿ ಪಾತ್ರಗಳಾದರು. ಒಬ್ಬೊಬ್ಬರಿಗೂ ಒಂದು ಮುಖಪುಟ. ಸೂಪರ್‌ಹೀರೋ ಪುಸ್ತಕಗಳ ಲೋಕ ನಿಂತಿರುವುದೇ ಈ ಬಿಡಿಸುವಿಕೆಯ ಮೇಲೆ.

ಹೊರಗಿನ ಸೂಪರ್‌ಹೀರೋ ಕನ್ನಡದಲ್ಲಿ ಮಾತಾಡಲು ಮಾತ್ರ ಬಹಳ ಕಾಲ ಹಿಡಿಯಿತು. ಡಬ್ಬಿಂಗ್ ವಿರೋಧದಿಂದಾಗಿ ದಶಕಗಳ ಕಾಲ ಇಲ್ಲಿಯ ಹುಡುಗರು ಸ್ಪೈಡರ್‌ಮ್ಯಾನ್‌ನನ್ನು ಹಿಂದಿಯಲ್ಲಿ ನೋಡಿದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು; 2023ರಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಕನ್ನಡದಲ್ಲೂ ತೆರೆಗೆ ಬಂತು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತದ ಜೇಡಹುಡುಗನೂ ಇದ್ದಾನೆ. ಆ ಚಿತ್ರದಲ್ಲಿ ಬರುವ ಒಂದು ವಾದ ಈ ಟಿಪ್ಪಣಿಗೆ ನೇರವಾಗಿ ಬೇಕಾದದ್ದು: ಸ್ಪೈಡರ್‌ಮ್ಯಾನ್ ಎಷ್ಟೇ ಲೋಕಗಳಲ್ಲಿ ಹುಟ್ಟಲಿ, ಕೆಲವು ಘಟನೆಗಳು ತಪ್ಪುವಂತಿಲ್ಲ; ಹತ್ತಿರದವರೊಬ್ಬರು ಸಾಯಲೇಬೇಕು. ಪಂಪ, ರನ್ನ, ಶ್ರೀಕಂಠಯ್ಯನವರು, ನಾಗಣ್ಣ ಯಾರೇ ಹೇಳಲಿ, ತೊಡೆ ಮುರಿಯಲೇಬೇಕು. ಮುರಿದಾಗ ಯಾರ ಎದೆಯೊಳಗೆ ನಿಂತು ನೋಡುತ್ತೇವೆ ಎಂಬುದಷ್ಟೇ ಹೇಳುವವರ ಕೈಯಲ್ಲಿರುವುದು.

ಇದೇ ಸೀಮೆಯ ಇನ್ನೊಂದು ಕಥೆ ಈ ವಾದಕ್ಕೆ ಒಗ್ಗುವುದಿಲ್ಲ, ಹಾಗಾಗಿಯೇ ಅದನ್ನು ಬಿಡುವಂತಿಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದು ಎದ್ದುನಿಂತರು. ನವೆಂಬರ್ ಕೊನೆಗೆ ಕಂಪನಿ ಸರಕಾರದ ದಂಡು ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿತು. ಈ ದಂಗೆಯ ಲಾವಣಿಯನ್ನು 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಹತ್ತನೆಯ ತರಗತಿಯ ಪಠ್ಯದ ಮೂಲಕ ಇಂದು ಅದು ರಾಜ್ಯದ ಮಕ್ಕಳಿಗೆಲ್ಲ ಪರಿಚಿತ. ಕೊನೆಗೆ ಕುರ್ತಕೋಟಿ ಕಲ್ಮೇಶನ ಹೆಸರು ಬರುವುದರಿಂದ ಹಾಡು ಗದಗದ ಕಡೆಯಿಂದ ಬಂದಂತೆ ತೋರುತ್ತದೆ.

ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ಕು ಹೆಸರುಗಳಿವೆ. ನಾಲ್ವರಲ್ಲಿ ಯಾರೂ ಉಳಿದವರನ್ನು ಮೀರಿ ನಿಲ್ಲುವುದಿಲ್ಲ. ಹುಟ್ಟಿನ ಕಥೆಯಿಲ್ಲ, ವಿಶೇಷ ಆಯುಧವಿಲ್ಲ, ಪವಾಡವಿಲ್ಲ. ಲಾವಣಿಕಾರ ಹಿಡಿದು ನಿಲ್ಲುವ ಜಾಗವೇ ಬೇರೆ. ದಂಡು ಊರನ್ನು ಸೂರೆ ಮಾಡಿದಾಗ ಏನೇನು ಹೋಯಿತು ಎಂಬ ಪಟ್ಟಿ: ಕೊಡಲಿ, ನೇಗಿಲಿನ ಕುಡ, ಹಾಲು ಮೊಸರು ಬೆಣ್ಣೆ, ಉಪ್ಪು ಎಣ್ಣೆ, ಅರಿಸಿನ ಜೀರಿಗೆ, ಅಕ್ಕಿ ಬೆಲ್ಲ, ಗಂಗಾಳ ಚರಿಗೆ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು ಕೂಡ. ಸೂಪರ್‌ಹೀರೋ ಚಿತ್ರಗಳ ಕೊನೆಯ ಅರ್ಧ ಗಂಟೆಯಲ್ಲಿ ಊರಿಗೆ ಊರೇ ನೆಲಕ್ಕುರುಳುತ್ತದೆ, ಯಾರ ಅಡುಗೆಮನೆಯಿಂದ ಏನು ಹೋಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಸಂಗೊಳ್ಳಿ ರಾಯಣ್ಣನ ಲಾವಣಿಯೂ ಇದೇ ಪರಂಪರೆಯದು. ಅವನಿಗೆ ಒಂದು ಹೆಸರಿತ್ತು, ಒಂದು ಮುಖವಿತ್ತು, ನಂದಗಡದಲ್ಲಿ 1831ರ ಒಂದು ಸಾವಿತ್ತು. ಅವನು 1967ರಲ್ಲಿ ಸಿನಿಮಾ ಆದ, 2012ರಲ್ಲಿ ದರ್ಶನ್ ರೂಪದಲ್ಲಿ, ಇದೇ ನಾಗಣ್ಣನವರ ನಿರ್ದೇಶನದಲ್ಲಿ ಮತ್ತೆ ಆದ; ಬೆಂಗಳೂರಿನ ರೈಲು ನಿಲ್ದಾಣದ ಹೆಸರೂ ಆದ. ಹಲಗಲಿ ನೂರೈವತ್ತು ವರ್ಷ ಮೀರಿ ಹಾಡಾಗಿಯೇ ಉಳಿಯಿತು. ಅಲ್ಲಿ ನಾಯಕನ ಪೀಠದ ಮೇಲೆ ಊರು ಕೂತಿತ್ತು, ಊರಿಗೆ ಮುಖಪುಟದ ಮೇಲೆ ಹಾಕುವಂಥ ಮುಖ ಇರುವುದಿಲ್ಲ. ಈಗ ಸುಕೇಶ್ ನಾಯಕ್ ನಿರ್ದೇಶನದಲ್ಲಿ, ಧನಂಜಯ ಅವರ ಹೆಸರಿನ ಮೇಲೆ 'ಹಲಗಲಿ' ಸಿನಿಮಾ ಆಗುತ್ತಿದೆ. ಒಬ್ಬ ತಾರೆ ಬಂದ ಮೇಲೆ ನಾಲ್ವರಲ್ಲಿ ಮೂವರು ಜೊತೆಗಾರರಾಗುವುದು ಚಿತ್ರರಂಗದ ರೂಢಿ. ರನ್ನನ ಭೀಮನಿಗೆ ಆದದ್ದು ಅವರಿಗೂ ಆಗುತ್ತದೆಯೇ, ಬೀಸುಕಲ್ಲಿನ ಪಟ್ಟಿಗೆ ಚಿತ್ರಕಥೆಯಲ್ಲಿ ಎಷ್ಟು ನಿಮಿಷ ಸಿಗುತ್ತದೆ ಎಂಬುದನ್ನು ಲಾವಣಿಯ ಪಠ್ಯವನ್ನು ಪಕ್ಕದಲ್ಲಿಟ್ಟುಕೊಂಡು ನೋಡಬೇಕು.