ಪರದೆ ಒಳಗೆ ಯಾರು, ಹೊರಗೆ ಯಾರು? ಜೋಲಿ ಮತ್ತು ಸೊಳ್ಳೆ ಪರದೆಯ ಕಥೆ

1/9
ಕಳೆದ ವಾರ ಹಾಕಿದ ಫೋಟೊ ನೋಡಿದ್ರಲ್ಲ? ಸಕಲೇಶಪುರದ ಕಡೆ ಒಂದು ಕಾಫಿ ತೋಟ. ಎರಡು ಸಿಲ್ವರ್ ಮರ, ನಡುವೆ ನನ್ನ ಹ್ಯಾಮಕ್, ಅದರ ಮೇಲೆ ಕಪ್ಪು ಸೊಳ್ಳೆ ಪರದೆ. "ಏನೋ ಇದು, ಮೀನಿನ ಬಲೆಗೆ ಸಿಕ್ಕಿಬಿದ್ದ ಹಾಗೆ ಇದೀಯಾ" ಅಂತ ಕ್ಲಾಸಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ನಗಿ, ಪರವಾಗಿಲ್ಲ. ಆದ್ರೆ ನೀವು ತಮಾಷೆಗೆ ಅಂದ ಮಾತು ಇತಿಹಾಸದಲ್ಲಿ ನಿಜ. ಸೊಳ್ಳೆ ಪರದೆಯ ಬಗ್ಗೆ ನಮಗೆ ಸಿಗುವ ತುಂಬ ಹಳೆಯ ವಿವರಣೆಗಳಲ್ಲಿ ಒಂದು ಶುರುವಾಗೋದೇ ಮೀನಿನ ಬಲೆಯಿಂದ. ಹ್ಯಾಮಕ್ಕಿನ ಕಥೆ ಬೇರೆ ಖಂಡದ್ದು. ಇವೆರಡೂ ಒಂದಾಗೋಕೆ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ, ಒಂದು ಕಾಲುವೆ ಮತ್ತು ಒಂದು ಮಹಾಯುದ್ಧ ಬೇಕಾಯ್ತು. ಬನ್ನಿ, ನಿಧಾನಕ್ಕೆ ಹೇಳ್ತೀನಿ. ಓದುವಾಗ ಒಂದು ಪ್ರಶ್ನೆ ಮಾತ್ರ ಮನಸ್ಸಲ್ಲಿ ಇಟ್ಕೊಳ್ಳಿ: ಪರದೆಯ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ?

2/9 ನೈಲ್ ನದಿಯ ಮೀನುಗಾರರು
ಕ್ರಿ.ಪೂ. 5ನೇ ಶತಮಾನ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಬಗ್ಗೆ ಬರೆಯುತ್ತಾ ಸೊಳ್ಳೆ ಕಾಟದ ವಿಷಯಕ್ಕೂ ಬರುತ್ತಾನೆ. ಜೌಗು ಪ್ರದೇಶದಿಂದ ಮೇಲಿರುವವರು ಎತ್ತರದ ಗೋಪುರದಂಥ ಜಾಗ ಹತ್ತಿ ಮಲಗುತ್ತಾರಂತೆ. ಗಾಳಿ ಬೀಸುವ ಕಡೆ ಸೊಳ್ಳೆ ಹಾರೋಕೆ ಆಗಲ್ಲ. ಜೌಗಿನಲ್ಲೇ ಇರುವ ಬಡವರು ಏನು ಮಾಡಬೇಕು? ಹಗಲು ಯಾವ ಬಲೆಯಲ್ಲಿ ಮೀನು ಹಿಡಿಯುತ್ತಾರೋ, ರಾತ್ರಿ ಅದನ್ನೇ ಹಾಸಿಗೆಯ ಸುತ್ತ ಕಟ್ಟಿ ಒಳಗೆ ನುಸುಳಿ ಮಲಗುತ್ತಾರೆ ಅಂತ ಬರೆದಿದ್ದಾನೆ.

ಮೀನಿನ ಬಲೆಯ ಕಣ್ಣು ದೊಡ್ಡದು, ಸೊಳ್ಳೆ ತೂರಲ್ವಾ ಅಂತ ನಿಮಗೆ ಅನುಮಾನ ಬರಬಹುದು. ನನಗೂ ಬಂತು. ಆದ್ರೆ ಅವನು ಹೇಳಿದ ಇನ್ನೊಂದು ಮಾತು ನೋಡಿ: ಬಟ್ಟೆ ಸುತ್ತಿಕೊಂಡು ಮಲಗಿದ್ರೆ ಸೊಳ್ಳೆ ಆ ಬಟ್ಟೆಯ ಮೂಲಕವೇ ಕಚ್ಚುತ್ತೆ. ಹ್ಯಾಮಕ್ಕಲ್ಲಿ ಒಂದು ರಾತ್ರಿ ಕಳೆದ ಯಾರನ್ನಾದ್ರೂ ಕೇಳಿ, ಬೆನ್ನು ತೋರಿಸ್ತಾರೆ. ಈ ಮಾತು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತೆ.

ಅಂದಹಾಗೆ, ಗ್ರೀಕಿನಲ್ಲಿ ಸೊಳ್ಳೆಗೆ 'ಕೋನೋಪ್ಸ್', ಸೊಳ್ಳೆ ಪರದೆ ಇರುವ ಮಂಚಕ್ಕೆ 'ಕೋನೋಪೆಯಾನ್'. ನಾವು ಇವತ್ತು ಬಳಸುವ 'ಕ್ಯಾನೊಪಿ' ಹುಟ್ಟಿದ್ದು ಅಲ್ಲಿಂದ. ಬಡ ಮೀನುಗಾರರ ಉಪಾಯ ರಾಜರ ಮಂಚದ ಮೇಲಿನ ಅಲಂಕಾರವಾಗಿ ಹೋಯ್ತು!

3/9 ಜೋಲಿಯ ಜನ
ಈಗ ಸಮುದ್ರ ದಾಟೋಣ. ಅಕ್ಟೋಬರ್ 1492. ಕೊಲಂಬಸ್ ಬಹಾಮಾ ದ್ವೀಪಗಳಿಗೆ ಬಂದಾಗ ಅಲ್ಲಿನವರ ಹಾಸಿಗೆಗಳು ಹತ್ತಿಯ ಬಲೆಗಳಂತೆ ಇದ್ದವು ಅಂತ ಅವನ ದಿನಚರಿಯಲ್ಲಿದೆ. ಆ ನಾಡಿನ ತೈನೊ ಜನ ಅದನ್ನು 'ಹಮಾಕಾ' ಅನ್ನುತ್ತಿದ್ದರು. ಅದೇ ಸ್ಪ್ಯಾನಿಷ್‌ಗೆ ಹೋಗಿ, ಇಂಗ್ಲಿಷ್‌ನಲ್ಲಿ 'ಹ್ಯಾಮಕ್' ಆಯ್ತು.

ನಮಗೇನು ಇದು ಹೊಸದಲ್ಲ ಅನ್ನಬಹುದು. ನಮ್ಮಜ್ಜಿ ಹಳೇ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿ, ಮೇಲೆ ತೆಳು ಪಂಚೆ ಹೊದಿಸಿ ನಮ್ಮನ್ನೆಲ್ಲ ಮಲಗಿಸಿದವರೇ. ಆದ್ರೆ ನಮ್ಮಲ್ಲಿ ಜೋಲಿ ಮಕ್ಕಳಿಗೆ. ತೈನೊ ಜನರಲ್ಲಿ ಅದು ದೊಡ್ಡವರ ಹಾಸಿಗೆ. ನೆಲದ ತೇವ, ಇರುವೆ, ಹಾವು ಎಲ್ಲದರಿಂದ ಮೇಲೆ.

ಯುರೋಪಿನ ಹಡಗುಗಳು ಈ ಹಾಸಿಗೆಯನ್ನು ಎತ್ತಿಕೊಂಡವು. ಬ್ರಿಟಿಷ್ ಯುದ್ಧನೌಕೆಗಳಲ್ಲಿ ಒಬ್ಬ ನಾವಿಕನ ಜೋಲಿಗೆ ಸಿಗುತ್ತಿದ್ದ ಅಗಲ 14 ಇಂಚು. ನಿಮ್ಮ ಸ್ಕೇಲ್ ತೆಗೆದು ಅಳೆದು ನೋಡಿ! ಆದ್ರೆ ಹಾಸಿಗೆ ಕೊಟ್ಟ ಜನರಲ್ಲಿ ಬಹುಪಾಲು ಉಳಿಯಲಿಲ್ಲ. ಹೊರಗಿಂದ ಬಂದ ರೋಗ, ಬಲವಂತದ ದುಡಿಮೆ, ಹಿಂಸೆ ಸೇರಿ ಕೆಲವೇ ದಶಕಗಳಲ್ಲಿ ತೈನೊ ಸಮಾಜ ಕುಸಿದು ಹೋಯಿತು. ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಬಂದ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಈಡಿಸ್ ಸೊಳ್ಳೆಯೂ ಬಂತು, ಅದರ ಜತೆ ಹಳದಿ ಜ್ವರವೂ ಬಂತು.

4/9 ಇರುವೆಗೆ ಹೆದರಿ ಸೊಳ್ಳೆ ಸಾಕಿದ ಆಸ್ಪತ್ರೆ
ಅದೇ ಹಳದಿ ಜ್ವರ ಮತ್ತು ಮಲೇರಿಯಾ 1881ರಲ್ಲಿ ಪನಾಮಾದಲ್ಲಿ ಫ್ರೆಂಚರಿಗಾಗಿ ಕಾದು ಕೂತಿದ್ದವು. ಸೂಯೆಜ್ ಕಾಲುವೆ ಕಟ್ಟಿಸಿದ ಫರ್ಡಿನಾಂಡ್ ಡಿ ಲೆಸೆಪ್ಸ್ ಇಲ್ಲೂ ಕಾಲುವೆ ತೋಡಿಸಲು ಹೊರಟ. ಕೂಲಿಗಳಲ್ಲಿ ಹೆಚ್ಚಿನವರು ಜಮೈಕಾದಂಥ ಕೆರೀಬಿಯನ್ ದ್ವೀಪಗಳ ಕಪ್ಪು ಜನ.

ಆಂಕಾನ್ ಬೆಟ್ಟದ ಮೇಲೆ ಚಂದದ ಆಸ್ಪತ್ರೆ ಕಟ್ಟಿದ್ರು. ಸುತ್ತ ಹೂದೋಟ. ಇರುವೆ ಗಿಡ ತಿನ್ನಬಾರದು ಅಂತ ಪ್ರತಿ ಗಿಡದ ಬುಡಕ್ಕೆ ನೀರು ತುಂಬಿದ ಮಣ್ಣಿನ ಬಳೆ. ರೋಗಿಯ ಮೇಲೆ ಇರುವೆ ಹತ್ತಬಾರದು ಅಂತ ಮಂಚದ ಕಾಲುಗಳ ಕೆಳಗೂ ನೀರಿನ ಬಟ್ಟಲು. ಕಿಟಕಿಗೆ ಜಾಲರಿ? ಇಲ್ಲ. ಸೊಳ್ಳೆಗೆ ಮೊಟ್ಟೆ ಇಡೋಕೆ ನೀರು, ಪಕ್ಕದಲ್ಲೇ ಜ್ವರದ ರೋಗಿ. ಇದಕ್ಕಿಂತ ಇನ್ನೇನು ಬೇಕು ಹೇಳಿ? ಕೈ ಮುರಿದುಕೊಂಡು ಬಂದವನು ಜ್ವರ ಹತ್ತಿ ಸಾಯುತ್ತಿದ್ದ.

1889ರಲ್ಲಿ ಕಂಪನಿ ಮುಳುಗಿತು. ಅಷ್ಟರಲ್ಲಿ ಸತ್ತವರು ಸುಮಾರು 22,000 ಅನ್ನೋದು ಅಂದಾಜು. ಹೊಟ್ಟೆ ಉರಿಯುವ ವಿಷಯ ಏನು ಗೊತ್ತಾ? ಅದೇ 1881ರಲ್ಲಿ, ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ ಹಳದಿ ಜ್ವರ ಹರಡೋದು ಸೊಳ್ಳೆಯಿಂದ ಅಂತ ಹೇಳಿದ್ದ. ನಂಬುವವರೇ ಇರಲಿಲ್ಲ. ಜ್ವರಕ್ಕೆ ಕಾರಣ ಕೆಟ್ಟ ಗಾಳಿ ಅನ್ನೋದು ಎಲ್ಲರ ನಂಬಿಕೆ. ಇಟಾಲಿಯನ್ನಿನಲ್ಲಿ 'ಮಾಲ್ ಆರಿಯಾ' ಅಂದ್ರೆ ಕೆಟ್ಟ ಗಾಳಿ ಅಂತಲೇ ಅರ್ಥ.

5/9 ಬೆಂಗಳೂರಿನ ತೊಟ್ಟಿ, ಸಿಕಂದರಾಬಾದಿನ ಪರದೆ
ಈಗ ನಮ್ಮೂರು. 1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ರೊನಾಲ್ಡ್ ರಾಸ್ ಅನ್ನೋ ಯುವ ಸೇನಾ ವೈದ್ಯ ಇದ್ದ. ಬಂಗಲೆ ತುಂಬ ಸೊಳ್ಳೆ. ನೋಡಿದ್ರೆ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿವೆ. ತೊಟ್ಟಿ ಬರಿದು ಮಾಡಿದ, ಸೊಳ್ಳೆ ಕಡಿಮೆಯಾಯ್ತು. ರೋಗಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಅವನಿಗೆ ಆಗ ಗೊತ್ತಿರಲಿಲ್ಲ.

14 ವರ್ಷದ ನಂತರ, ಸಿಕಂದರಾಬಾದ್. ಮಲೇರಿಯಾ ಸೊಳ್ಳೆಯಲ್ಲಿ ಏನಾಗುತ್ತೆ ಅಂತ ನೋಡಬೇಕಾದ್ರೆ ಸೊಳ್ಳೆ ರೋಗಿಯನ್ನು ಕಚ್ಚಬೇಕಲ್ಲ? ಹುಸೇನ್ ಖಾನ್ ಅನ್ನೋ ರೋಗಿ ಒಪ್ಪಿದ. ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆ. ಸೊಳ್ಳೆಯನ್ನು ಹೊರಗಿಡುವ ಪರದೆ ಇಂಥ ಪ್ರಯೋಗಗಳಲ್ಲಿ ಉಲ್ಟಾ ಕೆಲಸ ಮಾಡಿತು, ರೋಗಿಯ ಜತೆ ಸೊಳ್ಳೆಯನ್ನು ಒಳಗೆ ಕೂಡಿಹಾಕಿತು. 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ರಾಸ್ ಮಲೇರಿಯಾ ಪರೋಪಜೀವಿಯನ್ನು ಕಂಡ. ಇವತ್ತಿಗೂ ಆ ದಿನ ವಿಶ್ವ ಸೊಳ್ಳೆ ದಿನ. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಹುಸೇನ್ ಖಾನ್‌ಗೆ ಬಂದದ್ದು ಆಣೆ ಲೆಕ್ಕ.

1900ರಲ್ಲಿ ಕ್ಯೂಬಾದಲ್ಲಿ ವಾಲ್ಟರ್ ರೀಡ್ ತಂಡ ಫಿನ್ಲೆಯ ಮಾತನ್ನು ಸಾಬೀತು ಮಾಡಿದ ರೀತಿಯೂ ಹೀಗೇ. ಒಂದು ಕೋಣೆ, ನಡುವೆ ತಂತಿ ಜಾಲರಿ. ಒಂದು ಬದಿಯಲ್ಲಿ ರೋಗಿಗಳನ್ನು ಕಚ್ಚಿದ್ದ ಸೊಳ್ಳೆಗಳು, ಇನ್ನೊಂದು ಬದಿಯಲ್ಲಿ ಇಲ್ಲ. ಗಾಳಿ ಎರಡೂ ಕಡೆ ಒಂದೇ. ಸೊಳ್ಳೆ ಇದ್ದ ಬದಿಗೆ ಹೋದವನಿಗೆ ಮಾತ್ರ ಜ್ವರ ಬಂತು. ಕೆಟ್ಟ ಗಾಳಿಯ ಕಥೆ ಒಂದು ಜಾಲರಿಗೆ ಬಡಿದು ಬಿದ್ದೇ ಹೋಯಿತು.

6/9 ಚಿನ್ನದವರು, ಬೆಳ್ಳಿಯವರು
1904ರಲ್ಲಿ ಪನಾಮಾ ಕೆಲಸ ಅಮೆರಿಕದ ಕೈಗೆ ಬಂತು. ವೈದ್ಯ ವಿಲಿಯಂ ಗೋರ್ಗಸ್ ನಿಂತ ನೀರಿಗೆ ಎಣ್ಣೆ ಹಾಕಿಸಿದ, ಕಿಟಕಿಗಳಿಗೆ ಜಾಲರಿ ಹೊಡೆಸಿದ, ಜ್ವರದ ರೋಗಿಗಳನ್ನು ಜಾಲರಿಯ ಒಳಗಿಟ್ಟ. ಪರದೆ ಇಲ್ಲಿ ರೋಗಿಗಲ್ಲ, ಊರಿಗೆ ರಕ್ಷಣೆ. 1905ರ ಕೊನೆಗೆ ಪನಾಮಾ ನಗರದಲ್ಲಿ ಹಳದಿ ಜ್ವರ ನಿಂತಿತು. ದೊಡ್ಡ ಗೆಲುವು, ಅನುಮಾನವೇ ಇಲ್ಲ.

ಆದ್ರೆ ನಮ್ಮ ಪ್ರಶ್ನೆ ಕೇಳೋಣ. ಒಳಗೆ ಯಾರು? ಅಲ್ಲಿ ಸಂಬಳದ ಪಟ್ಟಿ ಎರಡು ಇತ್ತು. ಬಿಳಿ ಅಮೆರಿಕನ್ನರಿಗೆ 'ಗೋಲ್ಡ್ ರೋಲ್', ಕೆರೀಬಿಯನ್ ಕಪ್ಪು ಕೂಲಿಗಳಿಗೆ 'ಸಿಲ್ವರ್ ರೋಲ್'. ಚಿನ್ನದವರಿಗೆ ಜಾಲರಿ ಹಾಕಿದ ವರಾಂಡದ ಮನೆ. ಬೆಳ್ಳಿಯವರಲ್ಲಿ ಎಷ್ಟೋ ಜನಕ್ಕೆ ಜಾಲರಿ ಇಲ್ಲದ ಬಾಡಿಗೆ ಕೋಣೆ, ಕಾಡಂಚಿನ ಗುಡಿಸಲು. ಅಮೆರಿಕದ ಕಾಲದ ಅಧಿಕೃತ ಸಾವಿನ ಲೆಕ್ಕ 5,609. ಅದರಲ್ಲಿ ಬಹುಪಾಲು ಬೆಳ್ಳಿ ಪಟ್ಟಿಯವರೇ. ಏನು ಮಾಡಿದ್ರೆ ಜೀವ ಉಳಿಯುತ್ತೆ ಅಂತ ಅಷ್ಟು ಹೊತ್ತಿಗೆ ಗೊತ್ತಿತ್ತು. ಯಾರಿಗೆ ಕೊಡಬೇಕು ಅನ್ನೋದನ್ನ ಪಟ್ಟಿ ತೀರ್ಮಾನ ಮಾಡ್ತಿತ್ತು.

7/9 ಎರಡೂ ಒಂದಾದ ಕಾಡು
ಜೋಲಿ ಮತ್ತು ಪರದೆ ಸೇರಿ ಒಂದೇ ಸಾಮಾನಾಗಿ ಸಾವಿರಾರು ಸೈನಿಕರ ಬೆನ್ನೇರಿದ್ದು ಎರಡನೇ ಮಹಾಯುದ್ಧದಲ್ಲಿ. ಅದೂ ಅದೇ ಪನಾಮಾ ಕಾಡಿನ ಪ್ರಯೋಗಗಳಿಂದ. ಅಮೆರಿಕ ಸೇನೆಯ ಕ್ರೆಸನ್ ಕೆರ್ನಿ ಅನ್ನೋ ಅಧಿಕಾರಿ ಮತ್ತು ಅವನ ಜತೆಗಾರರು ಅಲ್ಲಿ ಕಾಡಿನ ಸಾಮಾನುಗಳನ್ನು ಪರೀಕ್ಷೆ ಮಾಡುತ್ತಿದ್ದರು. 1942ರಲ್ಲಿ ಬಂದ 'ಜಂಗಲ್ ಹ್ಯಾಮಕ್'ನಲ್ಲಿ ಮೇಲೆ ಮಳೆ ತಡೆಯುವ ಚಾವಣಿ, ಸುತ್ತ ಬಲೆಯ ಗೋಡೆ, ಒಳಗೆ ಹೋಗಲು ಜಿಪ್. ನೀವು ಇವತ್ತು ಆನ್‌ಲೈನಲ್ಲಿ ನೋಡುವ ಹ್ಯಾಮಕ್‌ಗಳ ಮುತ್ತಾತ ಇದೇ.

ಇಷ್ಟೆಲ್ಲ ಯಾಕೆ ಬೇಕಿತ್ತು? ಬರ್ಮಾ ಗಡಿಯಲ್ಲಿ ಹೋರಾಡಿದ ಜನರಲ್ ಸ್ಲಿಮ್ 1943ರ ಲೆಕ್ಕ ಬರೆದಿದ್ದಾನೆ: ಗಾಯಗೊಂಡು ಸಾಗಿಸಿದ ಒಬ್ಬ ಸೈನಿಕನಿಗೆ ಪ್ರತಿಯಾಗಿ, ಕಾಯಿಲೆಯಿಂದ ಸಾಗಿಸಿದವರು 120. ಆ ಸೇನೆಯಲ್ಲಿ ಭಾರತೀಯ ಸೈನಿಕರೇ ಬಹಳ ಇದ್ದರು. ಗುಂಡಿಗಿಂತ ಸೊಳ್ಳೆಯೇ ದೊಡ್ಡ ಶತ್ರು.

ಆದ್ರೆ ಪೆಸಿಫಿಕ್ ದ್ವೀಪಗಳಲ್ಲಿ ಈ ಹ್ಯಾಮಕ್ಕೇ ಬೋನು ಆಯ್ತು. ರಾತ್ರಿ ಶತ್ರು ನುಗ್ಗಿದಾಗ ಜಿಪ್ ಹುಡುಕುತ್ತಾ ಕೂರೋಕೆ ಆಗುತ್ತಾ? ಅದಕ್ಕೇ ಕೆಲವರು ನೆಲದಲ್ಲಿ ಕಂದಕ ತೋಡಿ ಅದರ ಮೇಲೇ ತಗ್ಗಾಗಿ ಕಟ್ಟಿಕೊಳ್ಳುತ್ತಿದ್ದರು, ಉರುಳಿದ್ರೆ ನೇರ ಗುಂಡಿಯೊಳಗೆ.

8/9 ಮಂಚ ಇಲ್ಲದವರ ಪರದೆ
ಮುಂದೆ ವಿಯೆಟ್ನಾಂ ಯುದ್ಧ. ಹೋ ಚಿ ಮಿನ್ ಹಾದಿಯಲ್ಲಿ ತಿಂಗಳುಗಟ್ಟಲೆ ನಡೆದ ಸೈನಿಕರ ಚೀಲದಲ್ಲಿ ಜೋಲಿ ಇರುತ್ತಿತ್ತು. ಆದ್ರೂ ಮಲೇರಿಯಾ ಬಿಡಲಿಲ್ಲ. ಉತ್ತರ ವಿಯೆಟ್ನಾಂ ಚೀನಾದ ಸಹಾಯ ಕೇಳಿತು. 1967ರ ಮೇ 23ರಂದು ಶುರುವಾದ ಗುಟ್ಟಿನ ಯೋಜನೆಗೆ ಆ ತಾರೀಕಿನಿಂದಲೇ '523' ಅಂತ ಹೆಸರು. ಅದರಿಂದ ಬಂದದ್ದು ಆರ್ಟೆಮಿಸಿನಿನ್ ಔಷಧ. 2015ರಲ್ಲಿ ತು ಯೂಯೂಗೆ ನೊಬೆಲ್ ತಂದುಕೊಟ್ಟದ್ದೂ ಅದೇ.

ಪರದೆಗೂ ಔಷಧ ಸೇರಿತು. ಕೀಟನಾಶಕ ಲೇಪಿಸಿದ ಪರದೆಗಳು ಆಫ್ರಿಕಾದ ಹಳ್ಳಿಗಳಿಗೆ ಹೋದವು. 2000ದಿಂದ 2015ರವರೆಗೆ ಅಲ್ಲಿ ತಪ್ಪಿದ ಮಲೇರಿಯಾ ಪ್ರಕರಣಗಳು ಸುಮಾರು 66 ಕೋಟಿ, ಅದರಲ್ಲಿ 68% ಪರದೆಯಿಂದಲೇ ಅಂತ 2015ರ ಒಂದು ಅಧ್ಯಯನ ಅಂದಾಜು ಮಾಡಿತು.

ಆದ್ರೆ ಹಂಚುವ ಪರದೆ ಮಂಚದ ಅಳತೆಯದು. ಮಂಚವೇ ಇಲ್ಲದೆ ಕಾಡಲ್ಲಿ ಜೋಲಿಯಲ್ಲಿ ಮಲಗುವವರಿಗೆ? ವೆನೆಜುವೆಲಾದ ಯಾನೊಮಾಮಿ ಜನರ ಊರುಗಳಲ್ಲಿ, ವಿಯೆಟ್ನಾಮಿನ ನಿನ್ ಥುವಾನ್ ಪ್ರಾಂತ್ಯದಲ್ಲಿ ಔಷಧ ಲೇಪಿಸಿದ ಜೋಲಿ ಪರದೆಗಳನ್ನು ಕೊಟ್ಟು ನೋಡಿದರು. ಮಲೇರಿಯಾ ಇಳಿಯಿತು. ಜೋಲಿಯನ್ನು ಜಗತ್ತಿಗೆ ಕೊಟ್ಟದ್ದು ಅಮೆರಿಕ ಖಂಡದ ಮೂಲನಿವಾಸಿಗಳು. ಅವರ ಜೋಲಿಯ ಅಳತೆಗೆ ಪರದೆ ಹೊಲಿಯೋಕೆ 500 ವರ್ಷ ಹಿಡಿಯಿತು.

9/9 ನಿಮ್ಮ ಕ್ಯಾಂಪಿಗೆ
ನೀವೂ ಕೇಳಿದ್ರಿ, ಹೇಗೆ ಕಟ್ಟೋದು ಅಂತ. ಎರಡು ಮರದ ನಡುವೆ ಹ್ಯಾಮಕ್ಕಿನ ಮೇಲೆ ಒಂದು ದಾರ ಬಿಗಿಯಾಗಿ ಎಳೀರಿ, ಪರದೆ ಅದರ ಮೇಲಿಂದ ಇಳಿಬೀಳಲಿ. ಮೈಗೆ ತಾಗಬಾರದು, ತಾಗಿದ ಕಡೆ ಸೊಳ್ಳೆ ಕಚ್ಚುತ್ತೆ. ಕೆಳಗಿನಿಂದಲೂ ಪೂರ್ತಿ ಸುತ್ತುವಂಥದ್ದೇ ತಗೊಳ್ಳಿ. ಇಲ್ಲದಿದ್ರೆ ಬೆನ್ನಿನ ಕೆಳಗೆ ದಪ್ಪ ಚಾಪೆ ಹಾಕಿ. ಹೆರೊಡೋಟಸ್ ಹೇಳಿದ್ದು ನೆನಪಿದೆಯಲ್ವಾ? ಸಾಮಾನ್ಯ ಪರದೆಯ ಕಣ್ಣು ಸುಮಾರು 1.2 ಮಿಲಿಮೀಟರ್. ಸಣ್ಣ ನುಸಿಗೆ ಅದು ಸಾಲದು, ಇನ್ನೂ ಸಣ್ಣ ಕಣ್ಣಿನದು ಬೇಕು. ಕತ್ತಲಾಗೋ ಮುಂಚೆ ಕಟ್ಟಿ ಮುಗಿಸಿ. ಮಲೆನಾಡಿಗೆ ಹೋಗೋರು ಇನ್ನೊಂದು ಗಮನಿಸಿ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡೋದು ಉಣ್ಣೆಯಿಂದ. ಕಾಡಲ್ಲಿ ಓಡಾಡುವಾಗ ಹತ್ತುವ ಉಣ್ಣೆಯನ್ನು ರಾತ್ರಿಯ ಪರದೆ ತಡೆಯಲ್ಲ. ಮಲಗೋ ಮುಂಚೆ ಮೈ ನೋಡ್ಕೊಳ್ಳಿ.

ಕೊನೆಗೆ, ಆ ಫೋಟೊದಲ್ಲಿ ಕಾಣದ ಒಂದು ವಿಷಯ. ಅವತ್ತು ನಮಗೆ ಬೆಂಕಿ ಹಾಕಿಕೊಟ್ಟು, ಅನ್ನ ಸಾರು ಬಡಿಸಿದ ತೋಟದ ಅಣ್ಣ ಜಗಲಿಯಲ್ಲಿ ಕಂಬಳಿ ಮುಸುಕು ಹಾಕಿಕೊಂಡು ಮಲಗಿದ್ದರು. ಬೆಳಿಗ್ಗೆ ಕೇಳಿದೆ, "ಅಣ್ಣಾ, ಸೊಳ್ಳೆ ಕಚ್ಚಲಿಲ್ವಾ?" "ನಮಗೆಲ್ಲ ಅಭ್ಯಾಸ ಮಾರಾಯ" ಅಂತ ನಕ್ಕು ಕಾಫಿ ಕೊಟ್ಟರು. ನಾವು ಆರು ಜನ, ಆರು ಪರದೆ ಒಯ್ದಿದ್ದೆವು. ಏಳನೆಯವರು ಇರ್ತಾರೆ ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹೊರಡುವಾಗ ನನ್ನ ಪರದೆ ಅವರಿಗೇ ಕೊಟ್ಟು ಬಂದೆ. ಬೇಡ ಬೇಡ ಅಂದ್ರು, ಆಮೇಲೆ ಮಡಿಸಿ ಒಳಗಿಟ್ಟರು. ದೀಪಾವಳಿ ರಜೆಗೆ ಮತ್ತೆ ಹೋಗ್ತಾ ಇದೀವಿ. ಬರೋರು ಹೆಸರು ಕೊಡಿ. ಪರದೆ ಎಣಿಸುವಾಗ ಡ್ರೈವರ್ ಅಣ್ಣನನ್ನೂ ಸೇರಿಸಿ ಎಣಿಸೋಣ.

#ಇತಿಹಾಸ #ಸೊಳ್ಳೆಪರದೆ #ಹ್ಯಾಮಕ್ #ಜೋಲಿ #ಕ್ಯಾಂಪಿಂಗ್ #ಕನ್ನಡದಲ್ಲಿಓದಿ