ಬರೆದ ಪೆಟ್ಟು, ಬಾರಿಸಿದ ಪೆಟ್ಟು

ನೈರೋಬಿಯಲ್ಲಿ ರಾಜ್ಯೋತ್ಸವ ಸಮೀಪಿಸಿತೆಂದರೆ, ನಮ್ಮ ಮಕ್ಕಳ ನೃತ್ಯಕ್ಕೆ ಹಿಮ್ಮೇಳ ಎಲ್ಲಿಂದ ಎಂಬ ಪ್ರಶ್ನೆ ಏಳುತ್ತದೆ. ಮೃದಂಗ ನುಡಿಸುವವರು ಸದಾ ದೊರೆಯುವುದಿಲ್ಲ. ಆಗ ಯಾರಾದರೂ ಮ್ಯೂಸ್‌ಸ್ಕೋರ್‌ನಂತಹ ಸ್ವರಲಿಪಿ ತಂತ್ರಾಂಶದಲ್ಲಿ ಜತಿಯನ್ನು ಬರೆದು, ಗಣಕದಿಂದಲೇ ನುಡಿಸಿ ಧ್ವನಿಮುದ್ರಿಸುತ್ತಾರೆ. ಲೆಕ್ಕ ತಪ್ಪುವುದಿಲ್ಲ, ಕೇಳಿದರೆ ಮಾತ್ರ ಡಬ್ಬ ಬಡಿದಂತಿರುತ್ತದೆ. ಕಾರಣವನ್ನು ಅರಸುತ್ತ ಹೋದರೆ ದಾರಿ ಬೆಂಗಳೂರಿಗೇ ತಲುಪುತ್ತದೆ.

ಬರಿಯ ಚರ್ಮವನ್ನು ಸಮನಾಗಿ ಬಿಗಿದು ಬಾರಿಸಿದರೆ ಅದರ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ, ತಬಲಗಳು ಇದಕ್ಕೆ ಅಪವಾದವೆಂದು ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ ೧೯೨೦ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ೧೯೩೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮರುವರ್ಷ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದೇ ವಿಷಯವನ್ನು ವಿಸ್ತರಿಸಿದರು. ಬಲಮುಖದ ನಡುವೆ ಪದರಪದರವಾಗಿ ಹಚ್ಚಿದ ಕರಣೆಯ ಭಾರದಿಂದ ಚರ್ಮದ ಒಂಬತ್ತು ಬಗೆಯ ಕಂಪನಗಳು ಐದು ಸಂವಾದಿ ಸ್ವರಗಳಾಗಿ ಗುಂಪುಗೂಡುತ್ತವೆ ಎಂಬುದು ಅವರ ಶೋಧದ ತಿರುಳು. ಬೆರಳು ಎಲ್ಲಿ ಬಿತ್ತು, ಇನ್ನಾವ ಬೆರಳು ಚರ್ಮವನ್ನು ಮುಟ್ಟಿಕೊಂಡಿತ್ತು ಎಂಬುದರ ಮೇಲೆ ಯಾವ ಕಂಪನ ಮೊಳಗಬೇಕೆಂಬುದು ನಿಂತಿದೆ. (ಕರಣೆ ಹಚ್ಚುವ ಕುಶಲಕರ್ಮಿಗಳು ಇದನ್ನು ಬಹುಕಾಲದ ಹಿಂದೆಯೇ ಕೈಯಿಂದ ಅರಿತಿದ್ದರು, ಮೊದಲ ಗೌರವ ಅವರಿಗೆ ಸಲ್ಲಬೇಕೆಂದು ನನ್ನ ಮತ.)

ನಮ್ಮ ಜತಿಗಳು ಈ ಭೇದವನ್ನು ಉಳಿಸಿಕೊಂಡಿವೆ. 'ತ' ಎಂದರೆ ಮುಚ್ಚಿದ ಪೆಟ್ಟು, 'ತೋಂ' ಎಂದರೆ ಎಡಮುಖದ ತೆರೆದ ನಾದ. ಅಕ್ಷರವೇ ಕೈಗೆ ದಾರಿ ತೋರುತ್ತದೆ. ಐರೋಪ್ಯ ಸ್ವರಲಿಪಿಯಾದರೋ ಪೆಟ್ಟು ಯಾವಾಗ ಬೀಳಬೇಕೆಂಬುದನ್ನು ನಿಖರವಾಗಿ ಹೇಳಿ, ಹೇಗೆ ಬೀಳಬೇಕೆಂಬುದನ್ನು ಬಹುಪಾಲು ವಾದಕನಿಗೆ ಬಿಡುತ್ತದೆ. ವಾದಕನೇ ಇಲ್ಲದಾಗ ಆ ಭಾಗ ಬರಿದಾಗಿ ಉಳಿಯುತ್ತದೆ.

ಬೆಂಗಳೂರಿನಲ್ಲಿ ಎಚ್‌ಎಎಲ್ ಎಂಜಿನಿಯರೂ ಕೊಳಲುವಾದಕರೂ ಆಗಿದ್ದ ಜಿ. ರಾಜನಾರಾಯಣ ಅವರು ೧೯೭೯ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯಿಂದ ತಾಳಯಂತ್ರಗಳೂ ಬಂದವು. ಅಮೆರಿಕದಲ್ಲಿ ರೋಜರ್ ಲಿನ್ ಅವರ ಎಲ್‌ಎಂ-೧ ಯಂತ್ರ ೧೯೮೦ರಲ್ಲಿ ನಿಜವಾದ ಡ್ರಮ್ಮಿನ ಮುದ್ರಿತ ಧ್ವನಿಯನ್ನೇ ನುಡಿಸಿತು. ೧೯೮೩ರ ಮಿಡಿ ಮಾನದಂಡವು ಪೆಟ್ಟಿನ ಬಲವನ್ನು ೧ರಿಂದ ೧೨೭ರವರೆಗಿನ ಅಂಕೆಗಳಲ್ಲಿ ಸೂಚಿಸಲು ಅನುವು ಮಾಡಿತು. ಇಂದಿನ ಧ್ವನಿಕೋಶಗಳಲ್ಲಿ ಒಂದೇ ಪೆಟ್ಟನ್ನು ಹಲವು ಬಲಗಳಲ್ಲಿ, ಪ್ರತಿ ಬಲದಲ್ಲೂ ಹಲವು ಬಾರಿ ಮುದ್ರಿಸಿರುತ್ತಾರೆ. ಎರಡು 'ತ'ಗಳು ಅಚ್ಚು ಒತ್ತಿದಂತೆ ಕೇಳದಿರಲೆಂದು ಅವನ್ನು ಸರದಿಯಂತೆ ಬಳಸುತ್ತಾರೆ. ಆಮೇಲೆ ಕೆಲವು ಪೆಟ್ಟುಗಳನ್ನು ಕೆಲವೇ ಮಿಲಿಸೆಕೆಂಡು ಹಿಂದೆಮುಂದೆ ಸರಿಸಿ, ಕೊನೆಗೆ ಕೋಣೆಯ ಅನುರಣನವನ್ನು ಬೆರೆಸುತ್ತಾರೆ.

ಈ ಸರಿಸುವಿಕೆಯನ್ನು ಮನಬಂದಂತೆ ಮಾಡಲಾಗದು. ಆರೋಗ್ಯವಂತ ಯುವಕನ ಇಸಿಜಿಯಲ್ಲಿ ಎರಡು ಬಡಿತಗಳ ಅಂತರ ಗಡಿಯಾರದಷ್ಟು ಸಮವಿರುವುದಿಲ್ಲ. ಉಸಿರು ಒಳಗೆಳೆದಾಗ ಬಡಿತ ತುಸು ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಆ ಏರಿಳಿತಕ್ಕೊಂದು ಕ್ರಮವಿದೆ. ತಂತ್ರಾಂಶದಲ್ಲಿರುವ 'ಮಾನವೀಕರಣ'ದ ಗುಂಡಿ ಯದೃಚ್ಛೆಯಾಗಿ ಪೆಟ್ಟುಗಳನ್ನು ಕದಲಿಸಿದರೆ ಹುಟ್ಟುವುದು ಲಯವಲ್ಲ, ಅಮಲಿನ ನಡಿಗೆ.

ಕಿಸ್ವಾಹಿಲಿಯಲ್ಲಿ 'ಙೋಮಾ' ಎಂದರೆ ಡೋಲೂ ಹೌದು, ಕುಣಿತವೂ ಹೌದು. ಕುಣಿಯುವ ಕಾಲುಗಳ ಉಸಿರು ಡೋಲಿನಲ್ಲಿ ಕೇಳಬೇಕಾದರೆ ಸುಲಭದ ದಾರಿಯೊಂದಿದೆ: ನೃತ್ಯಗುರುಗಳು ತಾಳ ತಟ್ಟುತ್ತ ಜತಿಯನ್ನು ಬಾಯಲ್ಲಿ ಹೇಳುವುದನ್ನು ಮೊದಲು ಫೋನಿನಲ್ಲಿ ಮುದ್ರಿಸಿಕೊಂಡು, ಬಳಿಕ ತಂತ್ರಾಂಶದ ಒಂದೊಂದು ಪೆಟ್ಟನ್ನೂ ಆ ಧ್ವನಿಯ ಒಂದೊಂದು ಅಕ್ಷರಕ್ಕೆ ಹೊಂದಿಸುವುದು. ಒಂದು ಜತಿಗೆ ಒಂದು ಸಂಜೆ ಬೇಕಾದೀತು.